ನೀರು ಹೆಚ್ಚಾದರೆ ಸಾಯುವ ಹೂಗಿಡ

ಅಡೇನಿಯಂ ಗಿಡ ತಂದವರಲ್ಲಿ ಅನೇಕರ ದೂರು ಒಂದೇ: ‘ಬೇಸಿಗೆಯಲ್ಲಿ ತುಂಬ ಹೂ ಬಿಟ್ಟಿತ್ತು, ಮಳೆಗಾಲದಲ್ಲಿ ಕೊಳೆತುಹೋಯಿತು.’ ಕಾರಣ ಗಿಡದ ಹುಟ್ಟಿನಲ್ಲೇ ಇದೆ.

ಮರುಭೂಮಿ ಗುಲಾಬಿ ಎಂದು ಕರೆದರೂ ಇದಕ್ಕೂ ಗುಲಾಬಿಗೂ ಸಂಬಂಧವಿಲ್ಲ. ಇದು ನಮ್ಮ ಕಣಗಿಲೆ, ದೇವಕಣಗಿಲೆಗಳ ನೆಂಟ. ತವರು ಆಫ್ರಿಕಾ ಮತ್ತು ಅರೇಬಿಯಾದ ಒಣನೆಲ. ಲಿನೇಯಸ್‌ನ ಶಿಷ್ಯ ಫೋರ್‌ಸ್ಕಾಲ್ ಅರೇಬಿಯಾ ಯಾತ್ರೆಯಲ್ಲಿ ಇದನ್ನು ಗುರುತಿಸಿ ಕಣಗಿಲೆಯ ಕುಲಕ್ಕೇ ಸೇರಿಸಿದ್ದ. 1763ರಲ್ಲಿ ಅವನು ಯೆಮನ್‌ನಲ್ಲಿ ತೀರಿಕೊಂಡ. ವಿವರಣೆ ಅಚ್ಚಾದದ್ದು 1775ರಲ್ಲಿ. 1819ರಲ್ಲಿ ಇದಕ್ಕೆ ಅಡೇನಿಯಂ ಎಂಬ ಪ್ರತ್ಯೇಕ ಕುಲವಾಯಿತು.

ಉಬ್ಬಿದ ಬುಡವೇ ಇದರ ನೀರಿನ ತೊಟ್ಟಿ. ತೊಟ್ಟಿ ತುಂಬಿರುವಾಗ ಬೇರು ಸದಾ ಒದ್ದೆಯಾಗಿದ್ದರೆ ಗಾಳಿ ಸಿಗದೆ ಕೊಳೆಯುತ್ತದೆ. ಆದ್ದರಿಂದ ಕುಣಿಗಲ್ಲಿನ ಕೆರೆಗೋಡು ಗದ್ದೆಗೆ ವರವಾದರೂ ಈ ಕುಂಡಕ್ಕೆ ಸಲ್ಲದು. ಗುಬ್ಬಿ ಸೀಮೆಯಲ್ಲಿ ಸುಲಭವಾಗಿ ಸಿಗುವ ತೆಂಗಿನ ನಾರಿನ ಪುಡಿಯೂ ನೀರು ಹಿಡಿದಿಡುವುದರಿಂದ ಹೆಚ್ಚು ಬೇಡ. ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಕುಂಡದ ತಳದಲ್ಲಿ ತೂತುಗಳಿರಲಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಲಿ. ತುಮಕೂರಿನ ತಾರಸಿ ಮನೆಗಳಿಗೆ ಇದೇನೂ ಕಷ್ಟವಲ್ಲ.

ಮೇಲ್ಮಣ್ಣಿನೊಳಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಜಡಿಮಳೆ ಹಿಡಿದಾಗ ಕುಂಡವನ್ನು ಸೂರಿನಡಿ ಸರಿಸಿ. ಚಳಿಗಾಲದಲ್ಲಿ ಎಲೆ ಉದುರುವುದು ಸಹಜ. ಬಾಯಾರಿಕೆಯೆಂದು ನೀರು ಸುರಿಯಬೇಡಿ. ಬುಡ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ಮೆತ್ತಗಾಗಿದ್ದರೆ ಕೊಳೆತ ಭಾಗವನ್ನು ಪೂರ್ತಿ ಕತ್ತರಿಸಿ, ಗಾಯ ಒಣಗುವವರೆಗೆ ಕೆಲವು ದಿನ ನೆರಳಲ್ಲಿಟ್ಟು ಮತ್ತೆ ನೆಡಿ.

ಕಡ್ಡಿ ನೆಟ್ಟರೂ ಚಿಗುರುತ್ತದೆ, ಆದರೆ ಬುಡ ಅಂದವಾಗಿ ಉಬ್ಬಬೇಕಾದರೆ ಬೀಜದ ಗಿಡವೇ ಮೇಲು. ಬೀಜದ ಗಿಡದ ಹೂವಿನ ಬಣ್ಣ ತಾಯಿಗಿಡದಂತೆಯೇ ಇರಬೇಕೆಂದಿಲ್ಲ. ಬಣ್ಣ ಖಚಿತವಾಗಿ ಬೇಕಾದವರು ಕಸಿಗಿಡ ಕೊಳ್ಳಬೇಕು.

ಒಂದು ಎಚ್ಚರಿಕೆ. ಇದರ ಹಾಲು ಹೃದಯದ ಮೇಲೆ ಕೆಲಸ ಮಾಡುವ ವಿಷ. ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದುದು ಇದನ್ನೇ. ಸವರುವಾಗ ಕೈಗವಸು ತೊಡಿ, ಕಣ್ಣು ಮುಟ್ಟಬೇಡಿ. ಮಕ್ಕಳ ಕೈಗೆಟುಕದಂತೆ ಕುಂಡವಿಡಿ. ಆಡು ಮುಟ್ಟದ ಸೊಪ್ಪಿಲ್ಲವೆಂಬುದು ಗಾದೆ. ಆದ್ದರಿಂದ ಕತ್ತರಿಸಿದ ಕೊಂಬೆಯನ್ನು ಬೀದಿಗೆಸೆಯದೆ ಮಣ್ಣಿನಲ್ಲಿ ಹೂಳಿ.