ಅಳಿದ ಅಕ್ಷರ ಮತ್ತು ನಮ್ಮ ಮಕ್ಕಳ ಉಚ್ಚಾರ



ಮಕ್ಕಳ ಉಚ್ಚಾರ ತಿದ್ದುವುದರಲ್ಲಿ ನಾವು ಶಿಕ್ಷಕರು ಬಹಳ ಚುರುಕು! ಜಯಸಿಂಗಪುರ, ಗಡಹಿಂಗ್ಲಜ ಕಡೆಯ ಹುಡುಗ 'ಮನಿ', 'ಬ್ಯಾಡ' ಅಂದರೆ ಸಾಕು, 'ಅಶುದ್ಧ' ಅಂದುಬಿಡುತ್ತೇವೆ. ಬೆಂಗಳೂರಿನವರು ನಕ್ಕಾರು ಎಂಬ ಅಂಜಿಕೆ ಬೇರೆ. ಆದರೆ 'ಶುದ್ಧ' ಕನ್ನಡದವರೂ ಸೇರಿ ನಾವೆಲ್ಲರೂ ಒಂದು ಧ್ವನಿಯನ್ನೇ ಕಳೆದುಕೊಂಡವರು. ಅದು 'ೞ'.

ಹಳಗನ್ನಡದಲ್ಲಿ 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಖಡ್ಗ. ಮಳೆ, ಕೋಳಿ, ಬಾಳೆ ಇವೆಲ್ಲ ಆಗ ೞಕಾರದ ಶಬ್ದಗಳು. ಕಾಲ ಕಳೆದಂತೆ ಈ ಧ್ವನಿ ಕೆಲವೆಡೆ ಳಕಾರದಲ್ಲಿ, ಕೆಲವೆಡೆ ರಕಾರದಲ್ಲಿ ಬೆರೆತುಹೋಯಿತು. 13ನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ೞಕಾರದ ಶಬ್ದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಜನರ ಬಾಯಲ್ಲಿ ಉಳಿದಿದ್ದರೆ ಪಟ್ಟಿ ಯಾಕೆ ಬೇಕಿತ್ತು?

ಹಾಗಾದರೆ ಅದರ ಉಚ್ಚಾರ ನಮಗೆ ಗೊತ್ತಾಗುವುದು ಹೇಗೆ? ಮೊದಲ ಸಾಕ್ಷಿ ನೆರೆಯ ಭಾಷೆಗಳು. ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ, ಮಲಯಾಳಿಗಳು 'ಕೋೞಿಕ್ಕೋಡ್' ಎನ್ನುವಾಗ ಆ ಧ್ವನಿ ಇಂದಿಗೂ ಕೇಳುತ್ತದೆ. ನಾಲಿಗೆಯನ್ನು ಹಿಂದಕ್ಕೆ ಮಡಿಸಬೇಕು, ಆದರೆ ಅಂಗುಳಕ್ಕೆ ತಾಗಿಸಬಾರದು. ಎರಡನೆಯದು ಶಾಸನಗಳು. ೞ ಇರಬೇಕಾದಲ್ಲಿ ಳ, ರ ಕೆತ್ತಿದವರಿದ್ದಾರೆ. ವ್ಯಾಕರಣಕ್ಕೆ ಅದು ತಪ್ಪು. ಆದರೆ ಧ್ವನಿ ಬದಲಾದದ್ದನ್ನು ವಿದ್ವಾಂಸರು ತಿಳಿದದ್ದು ಅಂಥ ತಪ್ಪುಗಳಿಂದಲೇ! ಮೂರನೆಯದು ನಮ್ಮ ಮಕ್ಕಳ ಬಾಯಿ. 'ಕೇಳು' 'ಕೇಳಿದ' ಆಗುತ್ತದೆ. 'ಬೀಳು' ಮಾತ್ರ 'ಬಿದ್ದ' ಯಾಕೆ? ಅದು 'ಬೀೞ್' ಆಗಿತ್ತು. 'ಬಿೞ್ದು' ಹೋಗಿ 'ಬಿರ್ದು', ಆಮೇಲೆ 'ಬಿದ್ದು' ಆಯಿತು. ಅಕ್ಷರ ಹೋದರೂ ಅದರ ಗುರುತು ಉಳಿದಿದೆ.

ನಮ್ಮದು ಒಂದು ಧ್ವನಿ ಹೋದ ಕಥೆ. ಯುರೋಪಿನ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಇಡೀ ಭಾಷೆಯೇ ಹೋಯಿತು. ಅದರ ಹೆಸರು ಹಳೆಯ ಪ್ರಷ್ಯನ್. 1545ರಲ್ಲಿ ಎರಡು, 1561ರಲ್ಲಿ ಒಂದು ಧರ್ಮಬೋಧೆಯ ಪುಸ್ತಕ ಅದರಲ್ಲಿ ಅಚ್ಚಾಗಿದ್ದವು. 18ನೆಯ ಶತಮಾನದ ಆರಂಭದ ಹೊತ್ತಿಗೆ ಮಾತಾಡುವವರೇ ಇಲ್ಲದಾದರು. 1561ರ ಪುಸ್ತಕದಲ್ಲಿ ಕೆಲವು ಸ್ವರಗಳ ಮೇಲೆ ಎಳೆದ ಗೆರೆಗಳನ್ನು ನೋಡಿ, ಎಲ್ಲಿ ಒತ್ತು, ಎಲ್ಲಿ ದೀರ್ಘ ಎಂದು ವಿದ್ವಾಂಸರು ಇಂದಿಗೂ ಲೆಕ್ಕ ಹಾಕುತ್ತಿದ್ದಾರೆ. ಕೇಳೋಣವೆಂದರೆ ನೆರೆಯ ಲಿಥುವೇನಿಯನ್, ಲಾಟ್ವಿಯನ್ ಉಂಟು. ಆ ಭಾಷೆಯನ್ನಾಡುವ ಒಬ್ಬ ಅಜ್ಜಿಯೂ ಇಲ್ಲ.

ಬರಹ ಎಲ್ಲವನ್ನೂ ಹಿಡಿದಿಡುವುದಿಲ್ಲ. ನಮ್ಮ ನೆರೆಯ ಮರಾಠಿಯನ್ನೇ ನೋಡಿ. 'ಚಾರ್' ಎನ್ನುವಾಗಿನ 'ಚ' ಬೇರೆ, 'ಚಮಚಾ' ಎನ್ನುವಾಗಿನ 'ಚ' ಬೇರೆ. ಬರೆಯುವ ಅಕ್ಷರ ಒಂದೇ. ಬಾಯಿಂದ ಕೇಳಿದವನಿಗೆ ಮಾತ್ರ ವ್ಯತ್ಯಾಸ ಗೊತ್ತು.

ಅದಕ್ಕೇ ನನ್ನ ಅನಿಸಿಕೆ ಇಷ್ಟು. ಪರೀಕ್ಷೆಯಲ್ಲಿ 'ಮನಿ' ಎಂದು ಬರೆದರೆ ಅಂಕ ಹೋಗುತ್ತದೆ, ನಿಜ. ಬರಹವನ್ನು ತಿದ್ದೋಣ, ತಿದ್ದಲೇಬೇಕು. ಆದರೆ ಮಾತಾಡುವ ಬಾಯಿಯನ್ನು ನಾಚಿಸುವುದು ಬೇಡ. ಗಡಿಯಾಚೆಯ ಮಗು ಕನ್ನಡ ಬಿಡುವುದು ವ್ಯಾಕರಣ ಬಾರದ್ದಕ್ಕಲ್ಲ, ನಾಚಿಕೆಗೆ. ನಾಚಿದ ಮಗು ಮರಾಠಿಯಲ್ಲೇ ಉತ್ತರ ಕೊಡಲು ಶುರುಮಾಡುತ್ತದೆ. ಮುಂದಿನ ತಲೆಮಾರಿಗೆ ಮನೆಯಲ್ಲೂ ಕನ್ನಡ ಇರುವುದಿಲ್ಲ.

ಮಕ್ಕಳನ್ನು ಒಮ್ಮೆ ಖಿದ್ರಾಪುರದ ಕೋಪೇಶ್ವರ ಗುಡಿಗೆ, ಕೊಲ್ಹಾಪುರದ ಮಹಾಲಕ್ಷ್ಮಿ ಗುಡಿಗೆ ಕರೆದೊಯ್ದು ಹಳಗನ್ನಡ ಶಾಸನ ತೋರಿಸೋಣ. ಹಾಗೆಯೇ ಊರಿನ ಅಜ್ಜ ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಶಾಲೆಯಲ್ಲಿ ಇಡೋಣ. ಕಲ್ಲು ಅಕ್ಷರವನ್ನು ಉಳಿಸೀತು, ಉಚ್ಚಾರವನ್ನಲ್ಲ.

ನೀವೇನಂತೀರಿ?