ಪರದೇಶದ ಚೂರಿ, ನಮ್ಮೂರ ಕುಲುಮೆ

ಕಳೆದ ವರ್ಷದ ಮಹಾಸಭೆಯ ದಿನ ಊಟ ಮುಗಿದ ಮೇಲೆ ನಮ್ಮ ಸದಸ್ಯರೊಬ್ಬರ ಮಗ ಒಂದು ಚೂರಿಯನ್ನು ತಂದು ಮೇಜಿನ ಮೇಲಿಟ್ಟರು. ಅವರು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದು ರಜೆಗೆಂದು ಊರಿಗೆ ಬಂದಿದ್ದವರು. ವಾರದ ಕೊನೆಯಲ್ಲಿ ಕಾಡಿಗೆ ಹೋಗಿ, ಸೌದೆ ಸೀಳಿ, ಬೆಂಕಿ ಮಾಡಿ, ಒಂದೆರಡು ರಾತ್ರಿ ಇದ್ದು ಬರುವ ಹವ್ಯಾಸ ಅಲ್ಲಿ ಅನೇಕರಿಗೆ ಉಂಟಂತೆ. ಆ ಕೆಲಸಕ್ಕೆಂದೇ ಮಾಡಿದ, ಮಡಚಲು ಬಾರದ ಚೂರಿ ಅದು. ಹೆಸರು ಸೀಯಾಕ್ಸ್. "ನಮ್ಮ ಸಂಘದ ಮಳಿಗೆಯಲ್ಲಿ ಇಂಥದನ್ನು ಯಾಕೆ ತರಿಸಿ ಇಡಬಾರದು?" ಎಂದು ಅವರು ಕೇಳಿದರು. ಕಿರಿಯರು ಕೆಲವರು ಹೌದೆಂದರು. ಹಿರಿಯರು ನಕ್ಕುಬಿಟ್ಟರು.

ನೋಡದೆ ಹೌದೆನ್ನುವುದೂ ಸರಿಯಲ್ಲ, ನೋಡದೆ ನಗುವುದೂ ಸರಿಯಲ್ಲವೆಂದು ನಮಗೆ ತೋರಿತು. ಆ ಚೂರಿಯನ್ನು ಕೇಳಿ ಪಡೆದು, ಅಡಿಕೆ ಕೊಯ್ಲಿನಿಂದ ಮೊದಲ್ಗೊಂಡು ಈ ಮಳೆಗಾಲ ಮುಗಿಯುವ ತನಕ ತೋಟದಲ್ಲಿಯೂ ಬೆಟ್ಟದಲ್ಲಿಯೂ ಬಳಸಿ ನೋಡಿದೆವು. ನಮಗೆ ಕಂಡದ್ದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಮೊದಲು ಅದರ ಆಕಾರ ಹೇಳಬೇಕು. ಅಲಗಿನ ಉದ್ದ ಐದೂವರೆ ಅಂಗುಲ. ಬೆನ್ನು ದಪ್ಪ, ಸುಮಾರು ನಾಲ್ಕು ಮಿಲಿಮೀಟರು. ಬಾಯಿ ಒಂದೇ ಕಡೆ, ಬಹುಮಟ್ಟಿಗೆ ನೇರ. ವಿಶೇಷವಿರುವುದು ಬೆನ್ನಿನಲ್ಲಿ. ಹಿಡಿಯಿಂದ ಮುಕ್ಕಾಲು ಭಾಗದವರೆಗೆ ಅದು ನೇರವಾಗಿ ಹೋಗಿ, ಅಲ್ಲಿಂದ ಮುರಿದಂತೆ ಥಟ್ಟನೆ ಇಳಿದು ಬಾಯಿಯ ಗೆರೆಯನ್ನು ಮುಟ್ಟುತ್ತದೆ. ಹೀಗಾಗಿ ಮೊನೆ ನಡುವಿನಲ್ಲಿರದೆ ಬಾಯಿಯ ಸಾಲಿನಲ್ಲಿಯೇ ಇರುತ್ತದೆ. ಕೈಗೂ ಅಲಗಿಗೂ ನಡುವೆ ತಡೆ ಏನೂ ಇಲ್ಲ.

ಇದು ಯಾರೋ ಹೊಸದಾಗಿ ಕಲ್ಪಿಸಿದ ಆಕಾರವಲ್ಲ. ಸಾವಿರ ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿಯೂ ಉತ್ತರ ಯೂರೋಪಿನ ಇತರ ಕಡೆಗಳಲ್ಲಿಯೂ ಜನರು ಸೊಂಟದಲ್ಲಿಟ್ಟುಕೊಳ್ಳುತ್ತಿದ್ದ ಚೂರಿಯ ಆಕಾರವೇ ಇದು. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಚೂರಿ ಎಂದೇ ಅರ್ಥ. ಸ್ಯಾಕ್ಸನ್ ಎಂಬ ಜನಾಂಗದ ಹೆಸರು ಈ ಮಾತಿನಿಂದಲೇ ಬಂದಿರಬೇಕೆಂದು ಪಂಡಿತರು ಹೇಳುತ್ತಾರೆ. ಅಂಗೈಯುದ್ದದ ಮನೆಗತ್ತಿಯಿಂದ ಹಿಡಿದು ಕೈಯುದ್ದದ ಯುದ್ಧಾಯುಧದವರೆಗೆ ಎಲ್ಲ ಅಳತೆಗಳಲ್ಲಿಯೂ ಇವು ಸಿಕ್ಕಿವೆ. 1857ರಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ಸಿಕ್ಕಿದ ಒಂದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಟ್ಟು 72 ಸೆಂಟಿಮೀಟರು ಉದ್ದದ ಆ ಚೂರಿಯ ಅಲಗಿನ ಮೇಲೆ ಆ ಕಾಲದ ಲಿಪಿಯ 28 ಅಕ್ಷರಗಳನ್ನೂ ಬೇಯಗ್ನೋತ್ ಎಂಬ ಹೆಸರನ್ನೂ ಕೂರಿಸಿದ್ದಾರೆ. ಕೆಂಟ್ ಪ್ರಾಂತದ ಸಿಟಿಂಗ್‌ಬೋರ್ನ್‌ನಲ್ಲಿ ಸಿಕ್ಕಿದ ಇನ್ನೊಂದರ ಮೇಲೆ ಒಡೆಯನ ಹೆಸರಿನ ಜೊತೆಗೆ ಅದನ್ನು ಮಾಡಿದವನ ಹೆಸರೂ ಇದೆ. ಈ ಕೊನೆಯ ಸಂಗತಿ ನಮ್ಮ ಮನಸ್ಸಿನಲ್ಲಿ ಉಳಿಯಿತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇವೆ.

ಈಗ ಕೆಲಸದ ಮಾತು. ಕೆಲವು ಕೆಲಸಗಳನ್ನು ಈ ಚೂರಿ ಬಹಳ ಚೆನ್ನಾಗಿ ಮಾಡುತ್ತದೆಂಬುದನ್ನು ಒಪ್ಪಲೇಬೇಕು. ಮೊನೆ ಬಾಯಿಯ ಸಾಲಿನಲ್ಲಿರುವುದರಿಂದ ಗೀರು ಎಳೆಯುವುದಕ್ಕೂ ಹಗ್ಗ ಕೊಯ್ಯುವುದಕ್ಕೂ ಗೋಣಿಯ ಹೊಲಿಗೆ ಬಿಚ್ಚುವುದಕ್ಕೂ ಹೇಳಿ ಮಾಡಿಸಿದಂತಿದೆ. ಬಾಯಿ ನೇರವಾಗಿರುವುದರಿಂದ ಗೂಟ ಚೂಪು ಮಾಡುವಾಗ ಸಿಪ್ಪೆ ಒಂದೇ ಸಮನೆ ಏಳುತ್ತದೆ. ವಾಟೆ ಸೀಳಿ ದಬ್ಬೆ ತೆಗೆಯಲು ನಮ್ಮ ಕತ್ತಿಗಿಂತ ಇದೇ ಹಗುರ. ಆಷಾಢದ ಮಳೆಯಲ್ಲಿ ಒಂದು ದಿನ ಬೆಟ್ಟದ ಗುಡಿಸಲಿನಲ್ಲಿ ಬೆಂಕಿಪೊಟ್ಟಣ ಪೂರ್ತಿ ತೋಯ್ದುಹೋಗಿತ್ತು. ನೆನೆದ ಕೊರಡಿನ ಮೇಲೆ ಚೂರಿಯನ್ನಿಟ್ಟು ಬೆನ್ನಿಗೆ ದೊಣ್ಣೆಯಿಂದ ಹೊಡೆದು ಸೀಳಿದೆವು. ಒಳಗಿನ ಒಣ ತಿರುಳನ್ನು ಕಡ್ಡಿಯಿಂದ ಬೇರೆಯಾಗದಂತೆ ಸುರುಳಿ ಸುರುಳಿಯಾಗಿ ಹೆರೆದೆವು. ಚೂರಿಯ ಜೊತೆಗೇ ಬರುವ ಲೋಹದ ಕಡ್ಡಿಯೊಂದನ್ನು ಅದರ ಬೆನ್ನಿನ ಅಂಚಿನಿಂದ ಗೀರಿದರೆ ಹಿಂದಿನವರ ಚಕಮಕಿಯಂತೆ ಕಿಡಿ ಉದುರುತ್ತದೆ. ಕಾಲು ಗಂಟೆಯೊಳಗೆ ಕಾಫಿ ಕಾಯಿತು. ನಕ್ಕಿದ್ದ ಹಿರಿಯರೊಬ್ಬರು ಅಂದು ನಮ್ಮ ಜೊತೆಗಿದ್ದರು. ಅವರೇ ಎರಡನೆಯ ಲೋಟ ಕೇಳಿದರು.

ಆದರೆ ತೋಟದ ಕೆಲಸವೆಂದರೆ ಕಾಡಿನಲ್ಲಿ ಎರಡು ರಾತ್ರಿ ಕಳೆಯುವುದಲ್ಲ. ಮರಗಸಿಯ ಕಾಲದಲ್ಲಿ ಆಳು ಮರವೇರಿ, ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದು ಕೈಯಿಂದ ದಿನವಿಡೀ ಕತ್ತಿ ಬೀಸಬೇಕು. ನಮ್ಮ ಕತ್ತಿಯ ತೂಕವೆಲ್ಲ ಮುಂದಿದೆ, ಅದರ ಮೂತಿ ಒಳಕ್ಕೆ ಬಾಗಿದೆ. ಬೀಸಿದರೆ ತನ್ನ ಭಾರದಿಂದಲೇ ಇಳಿಯುತ್ತದೆ, ಕೊಂಬೆಯನ್ನು ಜಾರಗೊಡದೆ ಒಳಗೆ ಎಳೆದುಕೊಳ್ಳುತ್ತದೆ. ಮುಳ್ಳಿನ ಪೊದೆಯಲ್ಲಿ ಕೈಹಾಕದೆ ಕೊಕ್ಕಿನಿಂದಲೇ ಬಳ್ಳಿಯನ್ನೆಳೆದು ಕಡಿಯಬಹುದು. ಸೀಯಾಕ್ಸಿಗೆ ಈ ಯಾವ ಗುಣವೂ ಇಲ್ಲ. ಹಾಲುವಾಣದ ಮೆತ್ತನೆಯ ರೆಂಬೆಯನ್ನು ಕಡಿಯಲು ನಮ್ಮ ಕತ್ತಿಗೆ ಒಂದು ಏಟು ಸಾಕಾದಲ್ಲಿ ಇದಕ್ಕೆ ನಾಲ್ಕಾರು ಬೇಕಾದವು. ಕಾಫಿ ಗಿಡದ ಚಿಗುರು ತೆಗೆಯಲು ಕತ್ತರಿಯೇ ಮೇಲು. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಹತ್ತಿರಕ್ಕೂ ಇದು ಬಾರದು.

ಉಕ್ಕಿನ ವಿಷಯವೂ ಇದೆ. ಅದು ಒಳ್ಳೆಯ ಉಕ್ಕೇ ಸರಿ, ಆದರೆ ತುಕ್ಕು ಹಿಡಿಯುವ ಜಾತಿಯದು. ನಮ್ಮ ಮಳೆಯಲ್ಲಿ ಒಂದು ರಾತ್ರಿ ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಗಾಗುತ್ತದೆ. ಹಸಿ ಅಡಿಕೆ ಕೊಯ್ದು ಹಾಗೆಯೇ ಇಟ್ಟರೆ ಅದರ ಒಗರು ಕಬ್ಬಿಣಕ್ಕೆ ತಾಗಿ ಅಲಗು ಕಪ್ಪಾಗುತ್ತದೆ. ಇದು ನಮ್ಮ ಕತ್ತಿಗೂ ತಪ್ಪಿದ್ದಲ್ಲ. ಆದರೆ ಅಷ್ಟು ಬೆಲೆ ಕೊಟ್ಟು ತಂದವನು ಚೂರಿಯ ಸೇವೆಯಲ್ಲಿಯೇ ಸಂಜೆ ಕಳೆಯಬೇಕಾಗುತ್ತದೆ.

ಇನ್ನು, ಹೇಳದೆ ಬಿಡಬಾರದ ಒಂದು ಸಂಗತಿ. ಶ್ರಾವಣದ ಒಂದು ಬೆಳಿಗ್ಗೆ ಸಿಲ್ವರ್ ಓಕಿನ ಗಂಟೊಂದರಲ್ಲಿ ಈ ಚೂರಿಯ ಮೊನೆ ಸಿಕ್ಕಿಕೊಂಡಿತು. ನಮ್ಮ ತೋಟದ ಹುಡುಗನೊಬ್ಬ ಅದನ್ನು ಬಿಡಿಸಲು ಒತ್ತಿದ. ಕೈ ಒದ್ದೆ, ನುಣುಪು ಹಿಡಿ, ಮುಂದೆ ತಡೆಯಿಲ್ಲ. ಕೈ ಜಾರಿ ಅಲಗಿನ ಮೇಲೆ ಹೋಯಿತು. ಎರಡು ಬೆರಳಿಗೆ ಐದು ಹೊಲಿಗೆ ಬಿದ್ದವು, ಮೂರು ವಾರ ಅವನು ಕೆಲಸಕ್ಕೆ ಬರಲಾಗಲಿಲ್ಲ. ಆ ದಿನಗಳ ಸಂಬಳವನ್ನೂ ಔಷಧದ ಖರ್ಚನ್ನೂ ಕೊಟ್ಟೆವು. ಕೊಟ್ಟೆವೆಂದು ಹೇಳಿಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಪ್ರಯೋಗ ನಮ್ಮದು, ಗಾಯ ಅವನದಾಯಿತು. ಹೊಸ ಉಪಕರಣ ತರುವವರು ಬೆಲೆಯನ್ನು ಕೇಳುತ್ತಾರೆ, ಬಾಳಿಕೆಯನ್ನು ಕೇಳುತ್ತಾರೆ. ಅದು ಯಾರ ಕೈಗೆ ಹೋಗುತ್ತದೆ, ಮಳೆಯಲ್ಲಿ ಆ ಕೈಯಲ್ಲಿ ಹೇಗೆ ನಿಲ್ಲುತ್ತದೆ ಎಂದು ಕೇಳುವವರು ಕಡಮೆ. ನಾವೂ ಕೇಳಿರಲಿಲ್ಲ.

ಇದಾದ ಮೇಲೆ ಚೂರಿಯನ್ನು ನಮ್ಮ ಊರಿನ ಕಮ್ಮಾರರ ಬಳಿಗೆ ಒಯ್ದೆವು. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ, ಉಗುರಿನಿಂದ ತಟ್ಟಿ, ಶಬ್ದ ಕೇಳಿ, "ಹದ ಚೆನ್ನಾಗಿದೆ ಗೌಡ್ರೇ. ಬೆನ್ನೂ ಚೆಂದ. ಆದರೆ ಇದು ಚಳಿ ದೇಶದವರ ಒಣಗಿದ ಕೈಗೆ ಮಾಡಿದ್ದು" ಎಂದರು. ಹದಿನೈದು ದಿನ ಬಿಟ್ಟು ಬರಹೇಳಿದರು. ಹೋದಾಗ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಒಂದು ಸಣ್ಣ ಚೂರಿಯನ್ನು ಕೊಟ್ಟರು. ಬೆನ್ನು ಸೀಯಾಕ್ಸಿನಂತೆಯೇ ನೇರ ಮತ್ತು ದಪ್ಪ. ಹಿಡಿಯ ಮುಂಭಾಗ ಉಬ್ಬಿದ್ದು, ಕೈ ಮುಂದೆ ಜಾರದಂತಿದೆ. ಮರದ ಒರೆಯನ್ನೂ ಕೂಡಿಸಿದ್ದಾರೆ. ಕೊರಡು ಸೀಳುವುದರಲ್ಲಿ ಪರದೇಶದ್ದಕ್ಕೆ ಇದು ಸೋಲಲಿಲ್ಲ. ಬಾಯಿ ಸ್ವಲ್ಪ ಬೇಗ ಮೊಂಡಾಗುತ್ತದೆ, ಆದರೆ ಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ಮತ್ತೆ ಸಿದ್ಧ. ಆ ಒಂದು ಚೂರಿಯ ಬೆಲೆಗೆ ಇಂಥವು ಹತ್ತಾದರೂ ಆಗುತ್ತವೆ.

ಆದರೆ ಆ ಕುಲುಮೆ ಇನ್ನೆಷ್ಟು ದಿನ? ಅವರ ಮಕ್ಕಳಿಬ್ಬರೂ ಪೇಟೆಯಲ್ಲಿದ್ದಾರೆ. ಇದ್ದಿಲು ಸಿಗುವುದು ಕಷ್ಟವಾಗಿದೆ. ಕಳೆ ಹೊಡೆಯಲು ಯಂತ್ರ ಬಂದಿತು. ಅಂಗಡಿಯಲ್ಲಿ ತಗಡು ಕೊರೆದಂತಹ ಕತ್ತಿ ಅಗ್ಗಕ್ಕೆ ಸಿಗುತ್ತದೆ, ಒಂದು ಮಳೆಗಾಲ ಬಳಸಿ ಎಸೆಯುತ್ತೇವೆ. ಹಿಂದೆ ವರ್ಷಕ್ಕೊಮ್ಮೆ ಆಯ ಕೊಟ್ಟು ಮನೆಯ ಕತ್ತಿಗಳನ್ನೆಲ್ಲ ಹಣಿಸಿ ತರುತ್ತಿದ್ದವರು ಈಗ ಆ ದಾರಿಯನ್ನೇ ಮರೆತಿದ್ದೇವೆ. ಹೊರದೇಶದವರು 'ವೂಟ್ಸ್' ಎಂದು ಹೊಗಳಿದ ಉಕ್ಕಿನ ಹೆಸರು ನಮ್ಮ ಕನ್ನಡದ 'ಉಕ್ಕು' ಎಂಬ ಮಾತಿನಿಂದಲೇ ಹೋದದ್ದೆಂದು ಹೇಳುತ್ತಾರೆ. ಅದನ್ನು ಹೇಳಿ ಹೆಮ್ಮೆಪಡುವ ನಾವು ನಮ್ಮೂರ ಕುಲುಮೆಗೆ ಹೋಗಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ.

ಕಾನೂನಿನ ಒಂದು ಮಾತನ್ನೂ ಕಿರಿಯರು ತಿಳಿದಿರುವುದು ಒಳ್ಳೆಯದು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವನ್ನು ಬಿಟ್ಟು, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚೂರಿಗಳನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದೇ ಎಣಿಸುತ್ತವೆ. ನಾವು ಪರೀಕ್ಷಿಸಿದ್ದು ಈ ಅಳತೆಯೊಳಗಿದೆ. ಆದರೆ ಅದೇ ಹೆಸರಿನಲ್ಲಿ ಕೈಯುದ್ದದವನ್ನೂ ಮಾರುತ್ತಾರೆ. ಅವನ್ನು ತರಿಸಿ ಗೋಡೆಗೆ ತೂಗುಹಾಕಿ, ತೋಟದ ಉಪಕರಣವೆಂದು ಹೇಳಿದರೆ ಯಾರೂ ಒಪ್ಪಲಾರರು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಇಷ್ಟು. ಸೀಯಾಕ್ಸ್ ಒಳ್ಳೆಯ ಚೂರಿ, ಆದರೆ ನಮ್ಮ ಮಳಿಗೆಗೆ ಬೇಕಾದ ಚೂರಿಯಲ್ಲ. ಹವ್ಯಾಸವಿರುವವರು ತಮ್ಮ ದುಡ್ಡಿನಿಂದ ಕೊಂಡು ಸಂತೋಷಪಡಲಿ, ನಮ್ಮ ಆಕ್ಷೇಪವಿಲ್ಲ. ಅದರಿಂದ ಕಲಿಯಬೇಕಾದವು ಎರಡಿವೆ. ದೊಡ್ಡ ಕತ್ತಿಯ ಜೊತೆಗೆ ಸಣ್ಣ ಕೆಲಸಕ್ಕೊಂದು ಚೂರಿ ಇದ್ದರೆ ಅನುಕೂಲ ಎಂಬುದು ಒಂದು. ಯಾವ ಅಲಗಾದರೂ ಒರೆಯಿಲ್ಲದೆ ಮನುಷ್ಯನ ಮೈಮೇಲೆ ಇರಬಾರದು ಎಂಬುದು ಇನ್ನೊಂದು. ಕತ್ತಿಯನ್ನು ಬರಿದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೆಸರಿನಲ್ಲಿ ನಡೆಯುವ ಆಳುಗಳನ್ನು ನಾವೆಲ್ಲ ದಿನವೂ ನೋಡಿ ಸುಮ್ಮನಿದ್ದೇವೆ.

ಆದುದರಿಂದ ಮುಂದಿನ ಮಹಾಸಭೆಯಲ್ಲಿ ಆಡಳಿತ ಮಂಡಲಿಯವರು ಮೂರು ವಿಷಯಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ. ನಮ್ಮ ವ್ಯಾಪ್ತಿಯಲ್ಲಿ ಉಳಿದಿರುವ ಕಮ್ಮಾರರಿಗೆ ಸಂಘದ ಮೂಲಕ ಮುಂಗಡ ಕೊಟ್ಟು ಕತ್ತಿ, ಚೂರಿಗಳನ್ನು ಒರೆಸಹಿತ ಮಾಡಿಸಿ ಮಳಿಗೆಯಲ್ಲಿ ಮಾರುವುದು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಒಂದು ವಾರ ಸಂಘದ ಅಂಗಳದಲ್ಲಿ ಕುಲುಮೆ ಹೂಡಿಸಿ ಸದಸ್ಯರ ಕತ್ತಿಗಳನ್ನು ಹಣಿಸಿ ಹದ ಮಾಡಿಸುವುದು. ಮೂರನೆಯದಾಗಿ, ಹಾಗೆ ಮಾರುವ ಪ್ರತಿಯೊಂದು ಅಲಗಿನ ಮೇಲೆ ಮಾಡಿದವರ ಹೆಸರನ್ನು ಒತ್ತಿಸುವುದು.

ಈ ಮೂರನೆಯ ಮಾತನ್ನು ನಮ್ಮ ಕಮ್ಮಾರರಿಗೆ ಹೇಳಿದಾಗ ಅವರು ನಕ್ಕು, "ಹೆಸರು ಹಾಕಿದರೆ, ಕತ್ತಿ ಕೆಟ್ಟಾಗ ಬೈಗುಳವೂ ನನಗೇ ಅಲ್ಲವಾ ಗೌಡ್ರೇ?" ಎಂದರು. ಅದಕ್ಕೇ ಹಾಕಬೇಕು ಎಂದೆವು. ಚೆನ್ನಾಗಿದ್ದರೆ ಹುಡುಕಿಕೊಂಡು ಬರುವವರಿಗೂ ಆ ಹೆಸರು ಬೇಕಲ್ಲ. ಕೆಂಟ್ ಪ್ರಾಂತದ ಕಮ್ಮಾರನ ಹೆಸರು ಸಾವಿರ ವರ್ಷ ಉಳಿದಿದೆ. ನಮ್ಮವರ ಹೆಸರು ಅವರಿರುವಷ್ಟು ಕಾಲವಾದರೂ ನಮಗೆ ನೆನಪಿರಲಿ.