ವಿಡಿಯೋ ಇಲ್ಲದಿದ್ದರೆ ಯಾರು ಕೇಳುತ್ತಿದ್ದರು?

2025ರ ಜನವರಿಯಲ್ಲಿ ವಿಜಯಪುರ ನಗರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಮೂವರು ಕಾರ್ಮಿಕರಿಗೆ ಪೈಪಿನಿಂದ ಬಡಿದದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ಮುಂಗಡ ಪಡೆದವರು ಸಂಕ್ರಾಂತಿಗೆ ಊರಿಗೆ ಹೋಗಿದ್ದರಂತೆ, ಅಷ್ಟೇ. ತಿಕೋಟಾ, ಬಬಲೇಶ್ವರದ ಯಾವುದೋ ತೋಟದಲ್ಲಿ ಹೀಗಾದರೆ ಮೊಬೈಲ್ ಹಿಡಿಯುವವರು ಯಾರು?

ಮುಂಗಡದ ಸಾಲಕ್ಕೆ ಆಳನ್ನು ಹಿಡಿದಿಟ್ಟು ದುಡಿಸುವಂತಿಲ್ಲ ಎಂಬ ಜೀತ ನಿರ್ಮೂಲನಾ ಕಾಯ್ದೆ 1976ರದ್ದು. ಪೆಟ್ಟು ತಿಂದವರು ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಹಾರ ಕೇಳಬಹುದು. ಆದರೆ ಧಣಿಯ ಶೆಡ್ಡಿನಲ್ಲೇ ಹೆಂಡತಿ ಮಕ್ಕಳೊಡನೆ ಮಲಗುವವನಿಗೆ ಅದು ಹೇಳಿದಷ್ಟು ಸುಲಭವಾ?

ಮಂಗಳೂರಲ್ಲಿ ನಮ್ಮ ಮನೆ ಕಟ್ಟಲು ಬರುವವರಲ್ಲೂ ಆ ಕಡೆಯವರು ಬೇಕಾದಷ್ಟಿದ್ದಾರೆ. ಮೇಸ್ತ್ರಿ ಅವರಿಗೆ ಎಷ್ಟು ಮುಂಗಡ ಕೊಟ್ಟು ಕರೆತಂದಿದ್ದಾನೆ ಅಂತ ನಾವು ಯಾವತ್ತಾದರೂ ಕೇಳಿದ್ದೇವಾ?